ಶೇಂಗಾ ಹೊಲದಲ್ಲಿ ಆಪರೇಟಿಂಗ್ ಸಿಸ್ಟಂ

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಾನು ಆಡಿದ ಮಾತುಗಳಿಗೆ ನನ್ನನ್ನು ಯಾರೂ ಹೊಣೆ ಮಾಡಬಾರದು. ಎರಡು ಜೋಳದ ರೊಟ್ಟಿ, ಎಣಗಾಯಿ, ಮೇಲೊಂದಿಷ್ಟು ಮೊಸರನ್ನ ಇಳಿದ ಮೇಲೆ ನನ್ನ ಕಣ್ಣು ತೆರೆದೇ ಇರುತ್ತದೆ, ಒಳಗೆ ನಾನಿರುವುದಿಲ್ಲ. ಇದನ್ನು ಚೆನ್ನಾಗಿ ಅರಿತಿರುವ ನನ್ನ ಹೆಂಡತಿ, ನನ್ನ ಒಪ್ಪಿಗೆ ಬೇಕಾದ ಸಂಗತಿಗಳನ್ನೆಲ್ಲ ಭಾನುವಾರ ಮಧ್ಯಾಹ್ನವೇ ಕೇಳಿ ಮುಗಿಸುತ್ತಾಳೆ. ನಮ್ಮ ಮನೆಯ ಗೋಡೆಗೆ ಗುಲಾಬಿ ಬಣ್ಣ ಬಂದದ್ದು ಹಾಗೆಯೇ. ಉಳಿದ ಆರು ದಿನ ಆ ಹೊತ್ತಿನಲ್ಲಿ ನಾನು ಶಿಗ್ಗಾಂವದ ಕಾಲೇಜೊಂದರ ಗ್ರಂಥಾಲಯದಲ್ಲಿ, ಸರ್ವರಿನ ಪಕ್ಕದ ಕುರ್ಚಿಯಲ್ಲಿರುತ್ತೇನೆ. ಅದರ ಫ್ಯಾನಿನ ಗುಂಯ್ ಎಂಬ ಸದ್ದು ಕೇಳುತ್ತ ಕೂತರೆ ಹೆದ್ದಾರಿಯ ಲಾರಿಗಳ ಗದ್ದಲವೂ ಎಲ್ಲೋ ದೂರದ ಹೊಳೆಯಂತೆ ಕೇಳುತ್ತದೆ. ಸಂಬಳದ ಜೊತೆಗೆ ಈ ಸುಖವನ್ನೂ ಕೊಡುತ್ತಾರಲ್ಲ ಎಂದು ನನಗೆ ಎಷ್ಟೋ ಸಲ ಕಣ್ಣು ತುಂಬಿ ಬಂದದ್ದುಂಟು. ಅದು ಆಕಳಿಕೆಯಿಂದ ಎಂದು ಸಹೋದ್ಯೋಗಿಗಳು ಹೇಳುತ್ತಾರೆ.

ಆ ಸರ್ವರಿನಲ್ಲಿ ಇದ್ದದ್ದು ಆಚಾರ್ಯ ಮಾಸ್ತರ ಪದಕೋಶ. ನನಗೆ ಕನ್ನಡ ಕಲಿಸಿದ ಮಾಸ್ತರು ಈಗ ನಿವೃತ್ತರಾಗಿ ಬಂಕಾಪುರದಲ್ಲಿದ್ದಾರೆ, ಪದಕೋಶದ ಕೆಲಸಕ್ಕೆಂದು ದಿನಾ ಬಸ್ಸಿನಲ್ಲಿ ಗ್ರಂಥಾಲಯಕ್ಕೆ ಬರುತ್ತಾರೆ. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲೂಕುಗಳ ಊರೂರು ಸುತ್ತಿ, ಜನರ ಬಾಯಲ್ಲಿರುವ ಮಾತುಗಳನ್ನು ಚೀಟಿಗಳಲ್ಲಿ ಬರೆದು ತಂದವರು ಅವರು. ಹಂಸಭಾವಿಯಲ್ಲಿ ಮದುವೆಗೆಂದು ಹೋದವರು ಅಕ್ಕಿಕಾಳು ಹಾಕುವುದನ್ನೂ ಮರೆತು, ಅಡುಗೆಯವರ ನಡುವೆ ಕೂತು ಸೌಟುಗಳ ಹೆಸರು ಬರೆದುಕೊಂಡಿದ್ದರಂತೆ. ಆ ಚೀಟಿಗಳನ್ನು ನಾನೇ ಟೈಪ್ ಮಾಡುತ್ತ ಬಂದೆ. “ಕಂಪ್ಯೂಟರಿನ್ಯಾಗ ಹೋತಂದ್ರ ಕಲ್ಲಿನ ಮ್ಯಾಲ ಕೆತ್ತಿದಂಗ್ರಿ” ಎಂದು ನಾನು ಎದೆ ತಟ್ಟಿ ಹೇಳಿದ್ದನ್ನು ನಂಬಿ, ಅವರು ಟೈಪಾದ ಚೀಟಿಗಳನ್ನೆಲ್ಲ ನೀರೊಲೆಗೆ ಹಾಕಿಬಿಟ್ಟರು. ಇನ್ನು ಸೇರಿಸಬೇಕಾದದ್ದು ‘ಹ’ ಅಕ್ಷರದ ಪದಗಳು ಮಾತ್ರ. ಆಮೇಲೆ ಮುದ್ರಣ.

ಆಗ ಹಳೆಯ ಸರ್ವರ್ ಕಣ್ಣು ಮುಚ್ಚಿತು. ಪದಗಳ ಒಂದು ಪ್ರತಿ ಪೆನ್‌ಡ್ರೈವಿನಲ್ಲಿತ್ತು, ಹೊಸ ಸರ್ವರೂ ಬಂತು. ಆದರೆ ಅದರಲ್ಲಿ ತೆರೆದರೆ ಪದಗಳ ಬದಲು ಬರೀ ಚೌಕಗಳು, ಪ್ರಶ್ನಾರ್ಥಕ ಚಿಹ್ನೆಗಳು. ಪದಕೋಶದ ಸಾಫ್ಟ್‌ವೇರ್ ನಡೆಯುವುದು ಹಳೆಯ ಆಪರೇಟಿಂಗ್ ಸಿಸ್ಟಂ ಇದ್ದರೆ ಮಾತ್ರ. ಅದನ್ನು ತಯಾರಿಸಿದವರು ತಮ್ಮ ಅಂಗಡಿ ಮುಚ್ಚುವ ಮುಂಚೆ ಆ ಸಿಸ್ಟಂ, ಸಾಫ್ಟ್‌ವೇರ್ ಎರಡನ್ನೂ ಒಂದೇ ಡಿಸ್ಕಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟಿದ್ದರು.

“ಡಿಸ್ಕ್ ಜೋಪಾನ ಅದ ಇಲ್ಲೋ, ತಮ್ಮಾ?” ಮಾಸ್ತರು ಕೇಳಿದರು. ಅವರ ದನಿ ಸಣ್ಣಗಾಗಿತ್ತು.

“ಕಪಾಟಿನ್ಯಾಗ ಭದ್ರ ಐತ್ರಿ ಸರ್” ಎಂದೆ. ಅವರು ಹೋದ ಮೇಲೆ ಕಪಾಟು ತೆಗೆದೆ. ಅಲ್ಲಿದ್ದ ಹಳೆಯ ಡಿಸ್ಕುಗಳ ರಾಶಿಯಲ್ಲಿ ಒಂದೂ ಉಳಿದಿರಲಿಲ್ಲ.

ಗ್ರಂಥಾಲಯದ ಅಟೆಂಡರ್ ಗಂಗವ್ವನನ್ನು ಕರೆದು ಕೇಳಿದೆ. ಅವಳಿಗೆ ನನ್ನ ಗಾಬರಿಯೇ ವಿಚಿತ್ರವೆನಿಸಿತು.

“ನೀವ ಒಯ್ಯಿ ಅಂದಿದ್ರೆಲ್ರಿ ಸರ್ರ. ನವಿಲಿನ ಕಾಟ ಭಾಳ ಆಗೇತಿ, ಈ ಹಳೇ ಡಿಸ್ಕ ಹೊಲದಾಗ ಕಟ್ಟತೇನಿ ಅಂದೆ. ಹೂಂ ಅಂದ್ರಿ.”

“ಯಾವಾಗ ಅಂದೆ?”

“ಊಟ ಆದ ಮ್ಯಾಲ.”

ಅಷ್ಟಕ್ಕೇ ನನಗೆ ಎಲ್ಲ ತಿಳಿಯಿತು.

ಮರುದಿನ ರಜೆ ಹಾಕಿ, ಗಂಗವ್ವನಿಗೂ ರಜೆ ಹಾಕಿಸಿ, ಬಂಕಾಪುರದ ದಾರಿಯಲ್ಲಿರುವ ಅವಳ ಹೊಲಕ್ಕೆ ಹೋದೆ. ಬೈಯಬೇಕೆಂದು ಹೋದವನು ಬದುವಿನ ಮೇಲೆ ನೋಡುತ್ತ ನಿಂತುಬಿಟ್ಟೆ. ಹಸಿರು ಶೇಂಗಾದ ಮೇಲೆ ದಾರಕ್ಕೆ ಕಟ್ಟಿದ ಡಿಸ್ಕುಗಳು ಗಾಳಿಗೆ ತಿರುಗುತ್ತಿದ್ದವು. ಬಿಸಿಲು ಅವುಗಳಿಂದ ಚೂರುಚೂರಾಗಿ ಚಿಮ್ಮಿ ಎಲೆಗಳ ಮೇಲೆ, ಗಂಗವ್ವನ ಸೆರಗಿನ ಮೇಲೆ, ನನ್ನ ಅಂಗಿಯ ಮೇಲೆ ಏಳು ಬಣ್ಣದಲ್ಲಿ ಓಡಾಡುತ್ತಿತ್ತು. ಆಚೆ ಬೇಲಿಯ ಹತ್ತಿರ ಎರಡು ನವಿಲುಗಳು ಕತ್ತು ಓರೆ ಮಾಡಿ ನೋಡುತ್ತಿದ್ದವು, ಒಳಗೆ ಕಾಲಿಡುತ್ತಿರಲಿಲ್ಲ. ಕಪಾಟಿನ ಕತ್ತಲೆಯಲ್ಲಿ ಇಷ್ಟು ವರ್ಷ ಬಿದ್ದಿದ್ದ ನಮ್ಮ ಗ್ರಂಥಾಲಯದ ಡಿಸ್ಕುಗಳಲ್ಲಿ ಇಷ್ಟು ಬೆಳಕಿತ್ತೆ ಎಂದು ನನಗೆ ಸಂತೋಷವಾಯಿತು. ಮಾಸ್ತರ ನೆನಪಾದಾಗ ಆ ಸಂತೋಷ ಜರ್ರೆಂದು ಇಳಿಯಿತು.

ಗಂಗವ್ವ ಜಾಣೆ. ಹೊಳೆಯುವ ಮೈ ಎರಡೂ ಕಡೆ ಬರಲೆಂದು ಡಿಸ್ಕುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಜೋಡಿ ಕಟ್ಟಿದ್ದಳು. ಹೀಗಾಗಿ ಹೆಸರು ಓದಬೇಕಾದರೆ ಪ್ರತಿ ಗಂಟನ್ನೂ ಬಿಚ್ಚಬೇಕು. “ನೋಡಿದ್ದನ್ನ ತಿರುಗಿ ಕಟ್ಟಿ ಮುಂದ ಹೋಗ್ರಿ” ಎಂದು ಅಪ್ಪಣೆಯಾಯಿತು. ಬಿಚ್ಚುತ್ತ ಕಟ್ಟುತ್ತ ಮಧ್ಯಾಹ್ನವಾಗುವ ಹೊತ್ತಿಗೆ, ಮೂಲೆಯ ಬೇವಿನ ಟೊಂಗೆಯಲ್ಲಿ ನನ್ನ ಡಿಸ್ಕ್ ಸಿಕ್ಕಿತು. ಅದರ ಮೇಲೆ ನನ್ನದೇ ದಪ್ಪ ಅಕ್ಷರಗಳಿದ್ದವು: ‘ಅತಿ ಮುಖ್ಯ. ಯಾರಿಗೂ ಕೊಡಬಾರದು.’

ಗಂಗವ್ವ ಅದನ್ನು ಓದಿದಳು. ಪುಣ್ಯಾತ್ಗಿತ್ತಿ ನಗಲಿಲ್ಲ. “ಕೆಲಸಾದ ಮ್ಯಾಲ ತಂದ ಕೊಡ್ರಿ. ನವಿಲ ಹೊಕ್ಕೊಳ್ಳೂದು ಈ ಮೂಲ್ಯಾಗಿಂದನ” ಎಂದಳು, ಅಷ್ಟೇ.

ಮರುದಿನ ಸರ್ವರಿಗೆ ಡಿಸ್ಕ್ ಹಾಕಿದರೆ ಇನ್ನೊಂದು ಪೇಚು. ಎದುರಿಗೆ ಹೊಸ ಹಾರ್ಡ್ ಡಿಸ್ಕುಗಳು ಎರಡೆರಡಿದ್ದರೂ ಹಳೆಯ ಸಿಸ್ಟಂ ‘ಡಿಸ್ಕ್ ಇಲ್ಲ’ ಎಂದು ಹಟ ಹಿಡಿಯಿತು. ಮೊಮ್ಮಗನ ಹೆಂಡತಿಯನ್ನು ಹೊಸ್ತಿಲಲ್ಲೇ ನಿಲ್ಲಿಸಿ “ಯಾರ ಪೈಕಿಯವ್ವಾ?” ಎಂದು ವಿಚಾರಿಸುವ ಅಜ್ಜಿಯಂತೆ, ಅದಕ್ಕೆ ಹೊಸಬರ ಗುರುತೇ ಇಲ್ಲ. ಪರಿಚಯ ಮಾಡಿಸಲು ಡ್ರೈವರ್ ಎಂಬ ಸಣ್ಣ ತಂತ್ರಾಂಶ ಬೇಕು. ಸರ್ವರ್ ಮಾರಿದವರಿಗೆ ಫೋನ್ ಮಾಡಿ ಅದನ್ನು ತರಿಸಿಕೊಂಡೆ. ಮೂರು ಸಲ ತಿರಸ್ಕರಿಸಿ ನಾಲ್ಕನೆಯ ಸಲಕ್ಕೆ ಒಪ್ಪಿತು. ಪರದೆಯ ಮೇಲೆ ಶೇಕಡಾ ಅಂಕಿಗಳು ಮೆಲ್ಲಗೆ ಏರತೊಡಗಿದವು. ಹದಿನೇಳು, ಹದಿನೆಂಟು... ಹತ್ತೊಂಬತ್ತರ ಹೊತ್ತಿಗೆ ನವಿಲೊಂದು ಬಂದು ನನ್ನ ಕುರ್ಚಿಯಲ್ಲಿ ಕೂತು, ಕೊಕ್ಕಿನಿಂದ ಟಕಟಕ ಟೈಪ್ ಮಾಡುತ್ತ, ‘ಹ’ ಅಕ್ಷರದ ಪದಗಳನ್ನೆಲ್ಲ ತಪ್ಪಿಲ್ಲದೆ ಮುಗಿಸುತ್ತಿತ್ತು. ನಾನು ಅದಕ್ಕೆ ಚಹಾ ತರಿಸಬೇಕೋ ಶೇಂಗಾ ತರಿಸಬೇಕೋ ಎಂದು ಯೋಚಿಸುತ್ತಿದ್ದಾಗ ಯಾರೋ ಭುಜ ಮುಟ್ಟಿದರು. ಕಣ್ಣು ಬಿಟ್ಟರೆ ಮಾಸ್ತರು. ಪರದೆಯಲ್ಲಿ ನೂರು ತೋರಿಸುತ್ತಿತ್ತು.

ಪೆನ್‌ಡ್ರೈವ್ ಚುಚ್ಚಿ ಪದಕೋಶ ತೆರೆದೆ. ಒಂದು ಗಳಿಗೆ ಪರದೆ ಬೆಳ್ಳಗಿತ್ತು. ಆಮೇಲೆ ಕನ್ನಡ ಅಕ್ಷರಗಳು ಸಾಲುಗಟ್ಟಿ ಬಂದವು. ಮಾಸ್ತರು ಕನ್ನಡಕ ಏರಿಸಿ ಹಂಸಭಾವಿಯ ಸೌಟುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. ಓದುತ್ತ ಅವರ ಕಣ್ಣು ಒದ್ದೆಯಾಯಿತು, ನನ್ನದೂ. ಈ ಸಲ ಅದು ಆಕಳಿಕೆಯಲ್ಲ.

ತಡೆಯಲಾರದೆ ತಪ್ಪೊಪ್ಪಿಕೊಂಡೆ. “ಸರ್, ಡಿಸ್ಕ ಕಪಾಟಿನ್ಯಾಗ ಇರಲಿಲ್ರಿ...”

“ಗೊತ್ತದ. ಗಂಗವ್ವನ ಹೊಲದಾಗ ಡಿಸ್ಕ್ ಹೊಳಿಯೂದನ್ನ ಬಸ್ಸಿನ್ಯಾಗ ಬರೂಮುಂದ ದಿನಾ ನೋಡ್ತಿದ್ದೆ. ನಿನ್ನೆ ನೀ ಬಿಸಲಾಗ ಗಂಟ ಬಿಚ್ಚೂದೂ ನೋಡೇನಿ.”

ನಾನು ನೆಲ ನೋಡಿದೆ. “ಇನ್ನ ಮ್ಯಾಲ ಕಪಾಟಿಗೆ ಕೀಲಿ ಹಾಕಿ ಇಡತೇನ್ರಿ.”

“ಬ್ಯಾಡ ತಮ್ಮಾ, ನಿನ್ನ ಕಪಾಟು ಬ್ಯಾಡ,” ಮಾಸ್ತರು ಗಾಬರಿಯಿಂದ ಕೈ ಎತ್ತಿದರು. “ಇದರದ ಒಂದ ಪ್ರತಿ ಮಾಡಿ ನನಗ ಕೊಡು. ಡಿಸ್ಕ್ ಹೊಲದಾಗನ ಇರಲಿ. ಅಲ್ಲಿ ಗಂಗವ್ವ ದಿನಾ ನೋಡ್ತಾಳ.”

ಭಾನುವಾರ ನಾನೇ ಹೋಗಿ, ಬೇವಿನ ಟೊಂಗೆಗೆ ಡಿಸ್ಕನ್ನು ಭದ್ರವಾಗಿ ಕಟ್ಟಿದೆ. ಗಂಗವ್ವ ಬಂದಳು, ಗಂಟನ್ನು ಒಮ್ಮೆ ಜಗ್ಗಿ ನೋಡಿದಳು. ಅದನ್ನು ಬಿಚ್ಚಿ, ತಾನೇ ಮತ್ತೆ ಕಟ್ಟಿದಳು.