ಬಿಸಿ ಮಗ್ಗಲು, ತಂಪು ಮಗ್ಗಲು

ಹಾವಿಗೆ ಹೆದರುವವನ ಮನೆಯಲ್ಲೇ ಹಾವಿದ್ದರೆ ಏನಾದರೊಂದು ನಡೆಯುತ್ತಲೇ ಇರುತ್ತದೆ. ಹಾವು ನನ್ನದಲ್ಲ, ಹೆಂಡತಿಯದು. ಅವಳು ಕಸ ಗುಡಿಸುತ್ತಿದ್ದ ಶಾಲೆಯವರು ಮಕ್ಕಳಿಗೆ ತೋರಿಸಲು ಸಾಕಿ, ಆಮೇಲೆ ಬೇಡ ಅಂದ ಕಾರ್ನ್ ಸ್ನೇಕ್. ಕಿತ್ತಳೆ ಬಣ್ಣ, ವಿಷವಿಲ್ಲ. ಈ ಪರದೇಶದಲ್ಲಿ, ಕ್ರೋಯ್ಡನ್‌ನ ನಮ್ಮ ಫ್ಲ್ಯಾಟಿಗೆ ಬಸ್ಸಿನಲ್ಲಿ ತಂದಳು. ಈ ಸಲ ಚಳಿ ಮುಗಿಯುವ ಮೊದಲೇ ಅವಳು ಹೋದಳು. ಆಸ್ಪತ್ರೆಯಲ್ಲಿ ಕಡೆಗೆ ಹೇಳಿದ್ದು ಒಂದೇ: "ರೀ, ಅದನ್ನ ಸಾಯಗೊಡಬ್ಯಾಡ್ರಿ." ಹೂಂ ಅಂದೆ. ಅಂದ ಮೇಲೆ ಮುಗೀತು.

೧

ಗಾಜಿನ ಪೆಟ್ಟಿಗೆಯ ಒಂದು ತುದಿ ಮೂವತ್ತು ಡಿಗ್ರಿ, ಇನ್ನೊಂದು ಇಪ್ಪತ್ನಾಲ್ಕು. ಅವಳು ಚೀಟಿ ಅಂಟಿಸಿದ್ದಳು. ನಾನು ಪಾರ್ಕ್ ರಾಯಲ್‌ನಲ್ಲಿ ಕೋಲ್ಡ್ ಸ್ಟೋರಿನಲ್ಲಿ ಇಪ್ಪತ್ತು ವರ್ಷ ದುಡಿದವನು. ಅಲ್ಲಿ ಮೂಲೆಮೂಲೆಗೆ ಒಂದು ಡಿಗ್ರಿ ಫರಕಾದರೂ ಬೈಗುಳ. ಪಾಪ, ಅವಳಿಗೆ ತಿಳಿದಿಲ್ಲ ಅಂದುಕೊಂಡೆ. ಪೆಟ್ಟಿಗೆಯ ಬಿಸಿ ತುದಿಗೆ ಹಾಸಿದ್ದಂಥದೇ ಇನ್ನೊಂದು ಕರೆಂಟಿನ ಹೀಟ್ ಮ್ಯಾಟ್ ತಂದು ಎರಡೂ ಕಡೆ ಮೂವತ್ತು ಮಾಡಿದೆ.

ಹಾವು ಹೋಗಿ ನೀರಿನ ಬಟ್ಟಲಲ್ಲಿ ಕೂತಿತು. ಏಳಲಿಲ್ಲ. ಮ್ಯಾಟ್ ಕೊಟ್ಟ ಅಂಗಡಿಯವನಿಗೆ ಫೋನ್ ಮಾಡಿದೆ.

"ಅದಕ್ಕೆ ಬಿಸಿಯೂ ಬೇಕು, ತಂಪೂ ಬೇಕು. ಬೇಕಾದಾಗ ಬೇಕಾದ ಕಡೆ ಹೋಗುತ್ತದೆ. ನಿಮ್ಮ ಮನೆಯಲ್ಲಿ ಎಲ್ಲ ಕೋಣೆಯೂ ಒಂದೇ ಥರವೇ?" ಅಂದ.

"ಹೌದು. ಎಲ್ಲಾ ತಣ್ಣಗೆ," ಅಂದೆ.

೨

ಎರಡನೇ ಮ್ಯಾಟ್ ತೆಗೆದೆ. ಇನ್ನು ದಿನಾ ಡಿಗ್ರಿ ನೋಡಬೇಕಲ್ಲ. ಥರ್ಮಾಮೀಟರ್ ಇರುವುದು ಹಾವಿನ ತಲೆಯ ಹತ್ತಿರ. ಪೊರಕೆಯ ತುದಿಗೆ ಫೋನ್ ಕಟ್ಟಿ, ಬಾಗಿಲಲ್ಲೇ ನಿಂತು ಫೋಟೋ ತೆಗೆದೆ. ಫೋಟೋದಲ್ಲಿ ಅಂಕಿ ಇರಲಿಲ್ಲ. ಹಾವಿನ ಮುಖ ಇತ್ತು. ನನ್ನನ್ನೇ ನೋಡುತ್ತಿತ್ತು.

ಮರುದಿನ ಉದ್ದ ವೈರಿನ ಥರ್ಮಾಮೀಟರ್ ತಂದೆ. ವೈರು ಪೆಟ್ಟಿಗೆಯೊಳಗೆ, ಅಂಕಿ ಅಡುಗೆಮನೆಯಲ್ಲಿ.

೩

ಕ್ರೋಯ್ಡನ್‌ನಲ್ಲಿ ಪಂಚಮಿಗೆ ಹುತ್ತ ಎಲ್ಲಿ ಸಿಗಬೇಕು? ಮೇಲಿನ ಮನೆಯ ವಿಜಯಪುರದ ಅಕ್ಕ ಹಾಲು, ಅರಿಶಿನ ಹಿಡಿದು ಬಂದರು. ಮೊದಲು ಬಟಾಣಿ ಉಪ್ಪಿಟ್ಟು ಕೊಟ್ಟೆ. ಆಮೇಲೆ ಧೈರ್ಯ ಮಾಡಿ ಮುಚ್ಚಳ ತೆಗೆದೆ.

"ಅಕ್ಕಾ, ಹಾಲು ಹಾಕಬ್ಯಾಡ್ರಿ. ಅದು ಕುಡಿಯೂದಿಲ್ಲ, ಇಲಿ ತಿಂತೈತಿ."

"ಅಯ್ಯ ಶಿವನ! ಇಲಿ ಎಲ್ಲಿಂದ ತರ್ತೀರಿ ಅಣ್ಣಾ?"

"ಅಂಗಡಿಯಿಂದ. ಫ್ರೀಜರಿನ್ಯಾಗ ಇಟ್ಟೇನಿ. ಬಟಾಣಿ ಮಗ್ಗಲಕ."

ಅಕ್ಕ ಬಾಯಿಗೆ ಸೆರಗು ಹಿಡಿದು ಓಡಿದರು. ಹಾವು ತಲೆ ಎತ್ತಿತು. ಹಿಂದೆಯೇ ನಾನೂ ಓಡಿದೆ. ಮುಚ್ಚಳ ತೆರೆದೇ ಇತ್ತು.

೪

ವಾಪಸ್ ಬಂದರೆ ಪೆಟ್ಟಿಗೆ ಖಾಲಿ. ಸಂಜೆತನಕ ಹುಡುಕಿದೆ. ಸಿಕ್ಕರೆ ಹೇಗಪ್ಪ ಅಂತ ಒಂದು ಹೆದರಿಕೆ. ಸಿಗದಿದ್ದರೆ ಅವಳಿಗೆ ಏನು ಹೇಳಲಿ ಅಂತ ಇನ್ನೊಂದು.

ಬೆಳಗ್ಗೆ ಅರೆನಿದ್ದೆಯಲ್ಲಿ ಕೈ ಅವಳ ಮಗ್ಗಲಿಗೆ ಹೋಯಿತು. ದಿನಾ ಹೋಗುತ್ತದೆ. ಅವಳು ಹೊಲಿದ ಕೌದಿಯ ಕೆಳಗೆ ತಣ್ಣಗೆ, ನುಣ್ಣಗೆ ಏನೋ ತಾಗಿತು. ಅಲುಗಿತು.

ಕುರ್ಚಿ ಮೇಲೆ ನಿಂತೇ ಅಂಗಡಿಗೆ ಫೋನ್ ಮಾಡಿದೆ. "ಅಲ್ಲಿ ಎಷ್ಟು ಡಿಗ್ರಿ ಇದೆ ನೋಡಿ," ಅಂದ. ಓಡಿಹೋಗಿ ಥರ್ಮಾಮೀಟರನ್ನು ವೈರು ಸಮೇತ ಎಳೆದು ತಂದು, ಮತ್ತೆ ಕುರ್ಚಿ ಹತ್ತಿ, ವೈರನ್ನು ಹಾಸಿಗೆಗೆ ಎಸೆದು ನೋಡಿದೆ. ನನ್ನ ಮಗ್ಗಲು ಮೂವತ್ತು. ಅವಳ ಮಗ್ಗಲು ಇಪ್ಪತ್ನಾಲ್ಕು. ಪೆಟ್ಟಿಗೆಯಲ್ಲಿ ಒಂದು ದಿನವೂ ಇಷ್ಟು ಸರಿ ಬಂದಿರಲಿಲ್ಲ.

"ಸರಿ, ಎತ್ತಿ ಒಳಗೆ ಬಿಡಿ."

"ಎತ್ತೋದು ನನ್ನ ಹೆಂಡತಿ ಕೆಲಸ."

"ಹಾಗಾದರೆ ಅವರನ್ನು ಎಬ್ಬಿಸಿ."

ಅವನಿಗೇನು ಗೊತ್ತು. ಫೋನ್ ಇಟ್ಟೆ. ಕುರ್ಚಿಯಿಂದ ಇಳಿದೆ. ಕಣ್ಣು ಮುಚ್ಚಿಕೊಂಡು, ಕೌದಿ ಸಮೇತ ಎತ್ತಿದೆ. ಹಾವು ಮಾತ್ರ ನನ್ನ ತೋಳಿಗೆ ಆರಾಮಾಗಿ ಸುತ್ತಿಕೊಂಡಿತು.

"ಆ ಮಗ್ಗಲಕ ನಾನೂ ಮಲಗೂದಿಲ್ಲ ತಮ್ಮಾ," ಅಂದೆ. "ನಡಿ, ನಿನ್ನ ಮನಿಗೆ."