ಮೂವತ್ತೈದು ಜೀಬಿ ಸೋರಿಕೆ

ಆ ಕಂಪ್ಯೂಟರಿನ ಬೆನ್ನಿಗೆ ಅಂಟಿಸಿದ್ದ ಸ್ಟಿಕ್ಕರನ್ನು ಯಾರಾದರೂ ಎಂದೋ ಉಗುರಿನಿಂದ ಕೆರೆದು ತೆಗೆದಿದ್ದರೆ, ನಲ್ಲಿ ಗುಮಾಸ್ತರು ಆವತ್ತು ಸಂಜೆ ಹೆಂಡತಿ ಸಮೇತ ಕಡಲ ದಂಡೆಯ ಬಸ್ಸಿನಲ್ಲಿ ಕೂತಿರುತ್ತಿದ್ದರು. ಸ್ಟಿಕ್ಕರು ಹಳದಿಗಟ್ಟಿತ್ತು, ಮೂಲೆ ಎದ್ದಿತ್ತು, ಅಕ್ಷರಗಳೆಲ್ಲ ಮಾಸಿದ್ದವು. ‘ಹಾರ್ಡ್ ಡಿಸ್ಕ್ 500 ಜೀಬಿ’ ಎಂಬ ಒಂದು ಸಾಲು ಮಾತ್ರ ಹಲ್ಲು ಕಿರಿದುಕೊಂಡು ಹಾಗೇ ಉಳಿದಿತ್ತು.

ನಲ್ಲಿ ಗುಮಾಸ್ತರೆಂದರೆ ನೀರು ಸರಬರಾಜು ಕಚೇರಿಯಲ್ಲಿ ಹೊಸ ನಲ್ಲಿಗಳ ಅರ್ಜಿ ನೋಡುವವರು. ಅವರು ಕೂರುವ ಕೋಣೆಗೆ ಕಿಟಕಿ ಇಲ್ಲ. ಹೊರಗೆ ಬಿಸಿಲೋ ಮಳೆಯೋ ಎಂಬುದು ಬಂದವರ ಕೈಯ ಕೊಡೆ ನೋಡಿಯೇ ಗೊತ್ತಾಗಬೇಕು. ಕಡಲ ದಂಡೆಯ ಶಾಖೆಗೆ ವರ್ಗ ಕೊಡಿ ಎಂದು ಬೇಡಿ ಬೇಡಿ ನಾಲಿಗೆ ಸವೆದ ಮೇಲೆ ಕೊನೆಗೂ ಆದೇಶ ಬಂದಿತ್ತು. ಇವತ್ತು ಐದು ಗಂಟೆಯೊಳಗೆ ಇಲ್ಲಿಂದ ಬಿಡುಗಡೆಯಾಗಬೇಕು, ಇಲ್ಲದಿದ್ದರೆ ಆ ಜಾಗ ಸರದಿಯಲ್ಲಿ ಮುಂದಿನವರಿಗೆ. ಗುಮಾಸ್ತರು ಧೈರ್ಯ ಮಾಡಿ ಮಂಚ, ಬೀರು, ಪಾತ್ರೆ ಪಗಡಿ ಎಲ್ಲವನ್ನೂ ಬೆಳಿಗ್ಗೆಯೇ ಲಾರಿ ಹತ್ತಿಸಿ ಕಳಿಸಿಬಿಟ್ಟಿದ್ದರು. ಹೆಂಡತಿ ಖಾಲಿ ಮನೆಯಲ್ಲಿ ಸೂಟ್‌ಕೇಸಿನ ಮೇಲೆ ಕೂತಿದ್ದಳು. ಬಾಕಿ ಇದ್ದದ್ದು, ಕೋಣೆಯ ಸಾಮಾನೆಲ್ಲ ಲೆಕ್ಕಕ್ಕೆ ಸರಿಯಿದೆ ಎಂಬ ಸ್ಟೋರ್‌ಕೀಪರರ ಒಂದು ರುಜು.

ಸ್ಟೋರ್‌ಕೀಪರರ ಪಾಲಿಗೆ ಜಗತ್ತಿನಲ್ಲಿ ಎರಡೇ ಬಗೆಯ ವಸ್ತುಗಳು. ಬರೆದಷ್ಟು ಇರುವುದು, ಬರೆದಷ್ಟು ಇಲ್ಲದ್ದು. ಅವರ ಜೇಬಿನಲ್ಲಿ ಸದಾ ಒಂದು ಅಳತೆ ಟೇಪು ಇರುತ್ತಿತ್ತು. ಅದರ ಮೊದಲ ಎರಡು ಇಂಚು ಎಂದೋ ತುಂಡಾಗಿ ಹೋಗಿತ್ತು. ಏನನ್ನು ಅಳೆದರೂ ಬಂದದ್ದರಲ್ಲಿ ಎರಡು ಕಳೆಯುವುದು ಅವರಿಗೆ ಉಸಿರಾಡಿದಷ್ಟು ಅಭ್ಯಾಸವಾಗಿತ್ತು.

ಬಂದವರೇ ಕುರ್ಚಿಯ ಕಾಲು ಎಣಿಸಿದರು. ಸ್ಟೇಪ್ಲರ್ ಒತ್ತಿ ನೋಡಿದರು. ಮೇಜು ಅಳೆದರು, ಎರಡು ಕಳೆದರು, ತಲೆಯಾಡಿಸಿದರು. ಆಮೇಲೆ ಬಗ್ಗಿ ಕಂಪ್ಯೂಟರಿನ ಬೆನ್ನು ನೋಡಿದರು.

“ಐನೂರು ಜೀಬಿ ಅಂತಿದೆ. ಎಲ್ಲಿ, ತೋರಿಸಿ.”

ಗುಮಾಸ್ತರು ತೋರಿಸಿದರು. ಪರದೆಯ ಮೇಲೆ ಎರಡು ಭಾಗ. ಒಂದರಲ್ಲಿ ನೂರು, ಇನ್ನೊಂದರಲ್ಲಿ ಇನ್ನೂರ ಅರವತ್ತೈದು.

“ಕೂಡಿದ್ರೆ ಮುನ್ನೂರ ಅರವತ್ತೈದು. ಮಿಕ್ಕಿದ್ದೇನಾಯ್ತು?”

“ನನಗೇನ್ ಗೊತ್ತು ಸಾರ್? ಬಂದಾಗಿನಿಂದ ಹೀಗೇ ಇದೆ.”

“ಇಷ್ಟು ವರ್ಷ ಇದರ ಮುಂದೆ ಕೂತಿದ್ದೋರು ನೀವೋ, ನಾನೋ?”

ಗುಮಾಸ್ತರೋ, ಬದುಕಿನಲ್ಲಿ ಆಫೀಸಿನ ಒಂದು ಗುಂಡುಪಿನ್ನನ್ನೂ ಮನೆಗೆ ಒಯ್ಯದ ಮನುಷ್ಯ. ಈಗ ನೋಡಿದರೆ ಕಣ್ಣಿಗೇ ಕಾಣದ ಸಾಮಾನಿನ ಕಳ್ಳತನ ತಲೆಗೆ ಸುತ್ತಿಕೊಳ್ಳುತ್ತಿದೆ!

ಇಂಥ ಹೊತ್ತಿನಲ್ಲಿ ಕರೆಯದೆ ಬರುವುದರಲ್ಲಿ ಮೀಟರ್ ರೀಡರನದು ಎತ್ತಿದ ಕೈ. “ಇದು ಲೀಕೇಜು ಸಾರ್, ಕಣ್ಣು ಮುಚ್ಚಿ ಹೇಳ್ತೀನಿ,” ಎಂದ. “ಟ್ಯಾಂಕಿಂದ ಐನೂರು ಬಿಟ್ಟು ಮನೆಗೆ ಕಡಿಮೆ ಬಂತು ಅಂದ್ರೆ, ಒಂದೋ ಪೈಪು ಒಡೆದಿದೆ, ಇಲ್ಲಾ ನಡುವೆ ಯಾರೋ ಕನೆಕ್ಷನ್ ಎಳ್ಕೊಂಡಿದಾರೆ.”

ಆ ಕಚೇರಿಯಲ್ಲಿ ಇದಕ್ಕಿಂತ ತರ್ಕಬದ್ಧವಾದ ಮಾತನ್ನು ಯಾರೂ ಕೇಳಿರಲಿಲ್ಲ. ಮೂವರೂ ಮೇಜಿನ ಕೆಳಗೆ ನುಗ್ಗಿದರು. ಕಂಪ್ಯೂಟರಿನಿಂದ ಹೊರಟ ಒಂದು ವೈರು ಗೋಡೆ ಹಿಡಿದು, ಬೀರುವಿನ ಹಿಂದೆ ತೂರಿ, ಟಪಾಲಿನಕ್ಕನ ಮೇಜು ಹತ್ತಿ, ಅಲ್ಲಿದ್ದ ಪ್ರಿಂಟರಿಗೆ ಸೇರಿತ್ತು. ಟಪಾಲಿನಕ್ಕ ಲಕೋಟೆಗಳಿಗೆ ಗೋಂದು ಹಚ್ಚುತ್ತಿದ್ದಳು.

“ಅಕ್ಕಾ, ನಿಮ್ಮ ಕಡೆ ಏನಾದ್ರೂ ಬರ್ತಿದೆಯಾ?” ಎಂದ ಮೀಟರ್ ರೀಡರ್, ದನಿ ತಗ್ಗಿಸಿ.

“ಏನು ಬರಬೇಕಿತ್ತು?”

“ಜೀಬಿ.”

“ಬಾಯಿ ಮುಚ್ಚಪ್ಪ! ಆ ಪ್ರಿಂಟರಿಂದ ಕಾಗದಾನೇ ಸರಿಯಾಗಿ ಬರಲ್ಲ, ಇನ್ನು ಜೀಬಿ ಬರುತ್ತಂತೆ! ಜಾಗ ಇಲ್ಲ ಅಂತ ನನ್ನ ಮೇಜಿನ ಮೇಲೆ ತಂದಿಟ್ಟೋರು ನೀವು. ನನ್ನ ಸುಪರ್ದಿಲಿ ಇರೋದು ಈ ಗೋಂದಿನ ಬಾಟ್ಲಿ ಒಂದೇ. ಅದನ್ನೂ ಮೂಸಿ ನೋಡಿ ಬೇಕಾದ್ರೆ!”

ಸ್ಟೋರ್‌ಕೀಪರರು ನಿಜಕ್ಕೂ ಮೂಸಿ ನೋಡಿದರು. ಅಷ್ಟರಲ್ಲಿ ಮೀಟರ್ ರೀಡರ್, “ಇರಿ, ಮೇನ್ ವಾಲ್ವ್ ಮುಚ್ಚಿ ನೋಡ್ತೀನಿ,” ಎಂದು ಗೋಡೆಯ ಪ್ಲಗ್ಗನ್ನೇ ಕಿತ್ತ. ಕಂಪ್ಯೂಟರು ಒಮ್ಮೆ ಕುಯ್ಗುಟ್ಟಿ ಕಣ್ಣು ಮುಚ್ಚಿತು. ಮತ್ತೆ ಚಾಲೂ ಮಾಡಿದರೆ ಅದು ಅಜ್ಜನಂತೆ ಕೆಮ್ಮಿ, ಕ್ಯಾಕರಿಸಿ, ಎದ್ದು ಕೂರುವಷ್ಟರಲ್ಲಿ ಊಟದ ಹೊತ್ತು ಮುಗಿದಿತ್ತು.

ಹೆಂಡತಿಯ ಫೋನು ಬಂತು. “ರೀ, ಎಲ್ಲಿಗೆ ಬಂತು?”

“ಮುನ್ನೂರ ಅರವತ್ತೈದಕ್ಕೆ ಬಂದು ನಿಂತಿದೆ ಕಣೇ.”

ಆಕೆ ವಿಷಯ ಕೇಳಿ, “ಅಯ್ಯೋ, ನನ್ನ ತಮ್ಮನಿಗೆ ಒಂದು ಮಾತು ಹೇಳಬಾರದಿತ್ತಾ? ಅವನು ಎಂಥೆಂಥ ಕಂಪ್ಯೂಟರ್ ಬಿಚ್ಚಿದಾನೆ!” ಎಂದಳು. ಬಿಚ್ಚಿದ್ದು ನಿಜ. ಮತ್ತೆ ಜೋಡಿಸಿದ್ದನ್ನು ಮಾತ್ರ ಗುಮಾಸ್ತರು ನೋಡಿರಲಿಲ್ಲ. ಆದರೂ ಮುಳುಗುವವನಿಗೆ ಈಗ ಭಾಮೈದನೇ ಗತಿ.

ಭಾಮೈದ ಹೆಲ್ಮೆಟ್ ತೆಗೆಯದೆ ಕೂತು ಏನೇನೋ ಒತ್ತಿ, “ಸಿಕ್ತು ಭಾವಾ!” ಎಂದು ಕೂಗಿದ. “ನೂರು ಜೀಬಿ ಹಾಗೇ ಬಿದ್ದಿದೆ. ಅಂಗಡಿಯೋನು ಭಾಗ ಮಾಡುವಾಗ ಇದಕ್ಕೆ ಹೆಸರಿಡೋದೇ ಮರೆತಿದಾನೆ.” ಅವನು ಹೆಸರಿಟ್ಟ. ಪರದೆಯ ಮೇಲೆ ಮೂರನೆಯ ಭಾಗ ಮೂಡಿತು. ಗುಮಾಸ್ತರಿಗೆ ಕಡಲಿನ ಗಾಳಿ ಆಗಲೇ ಮುಖಕ್ಕೆ ತಾಗಿದಂತಾಯಿತು.

“ನಾನೂರ ಅರವತ್ತೈದು,” ಎಂದರು ಸ್ಟೋರ್‌ಕೀಪರರು. “ಇನ್ನೂ ಮೂವತ್ತೈದು ಬರಬೇಕು.”

“ಅದು ಬರಲ್ಲ ಸಾರ್. ತಯಾರಿಸೋರು ಸಾವಿರಕ್ಕೆ ಒಂದು ಅಂತ ಎಣಿಸ್ತಾರೆ. ಕಂಪ್ಯೂಟರು ಸಾವಿರದ ಇಪ್ಪತ್ತನಾಲ್ಕಕ್ಕೆ ಒಂದು ಅಂತ ಎಣಿಸುತ್ತೆ. ಅದಕ್ಕೇ ಕಡಿಮೆ ಕಾಣುತ್ತೆ. ಲೋಕದಲ್ಲಿರೋ ಎಲ್ಲಾ ಡಿಸ್ಕೂ ಹೀಗೇ.”

“ತನಗೆ ಬೇಕಾದ ಹಾಗೆ ಎಣಿಸ್ಕೊಳ್ಳೋಕೆ ಇದೇನು ಕಂಪ್ಯೂಟರಿನ ಅತ್ತೆ ಮನೆನಾ? ನಮ್ಮ ಸ್ಟೋರಲ್ಲಿ ಇಪ್ಪತ್ತಡಿ ಪೈಪು ಅಂದ್ರೆ ಇಪ್ಪತ್ತಡಿ ಇರ್ಬೇಕು. ಲೋಕದಲ್ಲೆಲ್ಲಾ ಕಳ್ಳತನ ಆಗಿದೆ ಅಂತ ನಾನು ರುಜು ಹಾಕೋಕಾಗಲ್ಲ.”

ಗುಮಾಸ್ತರು ಕೀಲಿಗೊಂಚಲಿನಲ್ಲಿದ್ದ ತಮ್ಮ ಸ್ವಂತ ಪೆನ್‌ಡ್ರೈವ್ ಕಿತ್ತು ಮುಂದೆ ಹಿಡಿದರು. “ಸಾರ್, ಇದು ಮೂವತ್ತೆರಡು. ತುಂಬಿಸ್ಕೊಳ್ಳಿ. ಮಿಕ್ಕ ಮೂರನ್ನ ಹೇಗಾದ್ರೂ ಹೊಂದಿಸ್ತೀನಿ.”

ಚುಚ್ಚಿ ನೋಡಿದರೆ ಅದರಲ್ಲಿ ಇಪ್ಪತ್ತೊಂಬತ್ತೇ ಇತ್ತು.

“ನಿಮ್ಮ ಸ್ವಂತದ್ದೂ ಸೋರ್ತಿದೆಯಲ್ರೀ!” ಎಂದ ಮೀಟರ್ ರೀಡರ್, ಮರುಕದಿಂದ.

ಭಾಮೈದ ಎದ್ದು, “ಭಾವ, ನೀವು ತಲೆ ಕೆಡಿಸ್ಕೋಬೇಡಿ. ಮನೇಲಿ ಒಂದು ಹಳೇ ಪುಟ್ಟ ಡಿಸ್ಕ್ ಇದೆ,” ಎಂದು ಓಡಿದ. ತಂದು, ಡಬ್ಬಿ ಬಿಚ್ಚಿ, ಮೂಗಿನ ತುದಿಗೆ ಧೂಳು ಮೆತ್ತಿಕೊಂಡು ಅದನ್ನೂ ಒಳಗೆ ಸಿಕ್ಕಿಸಿದ. ಕಂಪ್ಯೂಟರು ಮತ್ತೆ ಕೆಮ್ಮಿ ಎದ್ದಿತು. ಎಲ್ಲರೂ ಕತ್ತು ಚಾಚಿದರು. ಹೊಸ ಭಾಗದಲ್ಲಿ ಮೂವತ್ತೇಳು ಕಂಡಿತು.

ಸ್ಟೋರ್‌ಕೀಪರರು ತುಟಿಯಲ್ಲೇ ಕೂಡಿದರು. ಇನ್ನೊಮ್ಮೆ ಕೂಡಿದರು. ಅವರ ಮುಖ ಕಪ್ಪಿಟ್ಟಿತು.

“ಐನೂರ ಎರಡು.”

“ಹೌದು ಸಾರ್! ಎರಡು ನನ್ನ ಕಡೆಯಿಂದ ಆಫೀಸಿಗೆ,” ಎಂದು ಗುಮಾಸ್ತರು ಹಿಗ್ಗಿ ಪೆನ್ನು ಮುಂದೆ ಮಾಡಿದರು.

“ಏನ್ರೀ ಹುಡುಗಾಟ? ಕಡಿಮೆ ಬಂದ್ರೆ ತುಂಬಿಸ್ಕೋಬಹುದು. ಹೆಚ್ಚಿಗೆ ಬಂದ್ರೆ ವಿಚಾರಣೆ ಆಗ್ಬೇಕು. ನಮ್ಮ ಟ್ಯಾಂಕಿಗೆ ಯಾರ ಮನೆ ನೀರು ಬಂತು ಅಂತ ಕೇಳಿದ್ರೆ ನಾನೇನ್ ಹೇಳ್ಲಿ?”

“ಎರಡನ್ನ ಬಚ್ಚಿಟ್ಟುಬಿಡ್ತೀನಿ ಸಾರ್, ಒಂದು ನಿಮಿಷದ ಕೆಲಸ,” ಎಂದ ಭಾಮೈದ.

“ನಾನು ಕಣ್ಣಾರೆ ಕಂಡ ಮೇಲಾ? ಅದು ಬೇರೆ ಕೇಸು!”

ಅಷ್ಟರಲ್ಲಿ ಇದೆಲ್ಲ ಕೇಳಿಸಿಕೊಂಡ ಸಾಹೇಬರು ತಮ್ಮ ಕೋಣೆಯಿಂದ ಹೊರಬಂದು ಗಡಿಯಾರ ನೋಡಿದರು. ಐದು ದಾಟಿತ್ತು. ವಿಚಾರಣೆ ಮುಗಿಯುವವರೆಗೆ ನಲ್ಲಿ ಗುಮಾಸ್ತರು ಇಲ್ಲೇ ಇರತಕ್ಕದ್ದು, ಎಂದರು. ಕಡಲ ದಂಡೆಯ ಜಾಗ ಸರದಿಯಲ್ಲಿ ಮುಂದಿದ್ದ ಸ್ಟೋರ್‌ಕೀಪರರಿಗೆ, ಅವರು ಈಗಿಂದೀಗಲೇ ಹೊರಡಬಹುದು. ಸ್ಟೋರಿನ ಚಾರ್ಜನ್ನು ನಲ್ಲಿ ಗುಮಾಸ್ತರೇ ವಹಿಸಿಕೊಳ್ಳಲಿ.

ಸ್ಟೋರ್‌ಕೀಪರರ ಮುಖದಲ್ಲಿ ಯಾರೂ ಎಂದೂ ಕಾಣದಿದ್ದ ಒಂದು ನಗು ಕಾಣಿಸಿಕೊಂಡಿತು. ಗುಮಾಸ್ತರಿಗೆ ಅಳು ಬಂತು. ಖಾಲಿ ಮನೆ, ಸೂಟ್‌ಕೇಸಿನ ಮೇಲಿನ ಹೆಂಡತಿ, ಎಲ್ಲೋ ದೂರದಲ್ಲಿ ಕಡಲಿನ ಕಡೆ ಓಡುತ್ತಿರುವ ಮಂಚ. ಅಳು ಬಂದ ಕಣ್ಣಿಗೆ ಎದುರಿನವರ ಜೇಬಿನಿಂದ ಇಣುಕುತ್ತಿದ್ದ ಟೇಪು ಬಿತ್ತು.

“ಸಾರ್, ಚಾರ್ಜು ಶುರು ಮಾಡೋಣ್ವಾ?” ಎಂದು ಅವರು ಮೆತ್ತಗೆ ಟೇಪನ್ನು ಎಳೆದುಕೊಂಡರು. “ಇದರ ಮೇಲೆ ಹತ್ತಡಿ ಅಂತ ಬರೆದಿದೆ. ಎರಡು ಇಂಚು ಎಲ್ಲಿ?”

ಸ್ಟೋರ್‌ಕೀಪರರ ನಗು ಅರ್ಧಕ್ಕೇ ನಿಂತಿತು. “ಅದು ಮೊದಲಿನಿಂದ ಹಾಗೇ...”

“ಇಷ್ಟು ವರ್ಷ ಜೇಬಲ್ಲಿ ಇಟ್ಕೊಂಡಿದ್ದೋರು ನೀವೋ, ನಾನೋ?”

ಸಾಹೇಬರು ನಿಟ್ಟುಸಿರು ಬಿಟ್ಟು ಸರದಿಯಲ್ಲಿ ಮೂರನೆಯವರು ಯಾರೆಂದು ಕೇಳಿದರು. ಟಪಾಲಿನಕ್ಕ ಗೋಂದಿನ ಬಾಟ್ಲಿಗೆ ಮುಚ್ಚಳ ತಿರುಗಿಸಿ, ಅದನ್ನು ಮೇಜಿನ ನಡುವೆ ಇಟ್ಟು, ಚೀಲ ಹೆಗಲಿಗೇರಿಸಿದಳು. ಅವಳ ಸುಪರ್ದಿಯ ಆಸ್ತಿಯನ್ನು ಮಧ್ಯಾಹ್ನವೇ ಮೂಸಿ ಖಚಿತ ಮಾಡಿಕೊಂಡಾಗಿತ್ತಲ್ಲ. ಗುಮಾಸ್ತರೂ ಸ್ಟೋರ್‌ಕೀಪರರೂ ತುಂಡು ಟೇಪಿನ ಒಂದೊಂದು ತುದಿ ಹಿಡಿದುಕೊಂಡು ಅವಳನ್ನೇ ನೋಡುತ್ತ ನಿಂತರು.

ಬಾಗಿಲ ಬಳಿ ಅವಳು ತಿರುಗಿದಳು. “ಏನ್ರೀ, ನಿಮ್ಮ ಸಾಮಾನಿನ ಲಾರಿ ಅಲ್ಲಿಗೇ ಅಲ್ವಾ ಹೋಗಿರೋದು? ಯೋಚನೆ ಮಾಡ್ಬೇಡಿ. ನೀವು ಬರೋವರೆಗೂ ಆ ಮಂಚದ ಮೇಲೆ ನಾನೇ ಮಲ್ಕೋತೀನಿ.”

ಸ್ಟೋರ್‌ಕೀಪರರು ಹಿಂದಿನಿಂದ ಕೂಗಿ ಹೇಳಿದರು, “ಕಾಲು ಎಣಿಸಿ ಇಳಿಸ್ಕೊಳ್ಳಮ್ಮ!”