ಸೋಮವಾರದ ರಾಹುಕಾಲ ಮತ್ತು ನಾಲ್ಕು ಕಡ್ಡಿ ಸಿಗ್ನಲ್

ನಾನು ದೊಡ್ಡ ಸುಳ್ಳುಗಾರನೇನಲ್ಲ. ಆದರೆ ದಿನಾ ಅಮೃತಹಳ್ಳಿಯಿಂದ ಯಶವಂತಪುರದ ಕಾರ್ಖಾನೆಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವವನಿಗೆ ಒಂದೇ ಒಂದು ಸುಳ್ಳಿಗೆ ರಿಯಾಯಿತಿ ಇರಬೇಕು ಎಂಬುದು ನನ್ನ ನಂಬಿಕೆ. ಆ ಸುಳ್ಳು, 'ಹಲೋ, ಹಲೋ, ಸಿಗ್ನಲ್ ಇಲ್ಲ'. ಸಂಜೆ ಹೆಬ್ಬಾಳದ ಹತ್ತಿರ ಬರುವಾಗ ಸರಿಯಾಗಿ ನನ್ನ ಹೆಂಡತಿ ಶಾರದ ಫೋನ್ ಮಾಡುತ್ತಾಳೆ. ಒಂದು ಕಟ್ಟು ಕೊತ್ತಂಬರಿಯಿಂದ ಶುರುವಾದ ಪಟ್ಟಿ ಹಿಟ್ಟಿನ ಗಿರಣಿಯವರೆಗೂ ಹೋಗುತ್ತದೆ. ನಾನು ಫೋನನ್ನು ಕಿವಿಯಿಂದ ಒಂದಿಷ್ಟು ದೂರ ಹಿಡಿದು, 'ಹಲೋ... ಮಳೆ ಕಣೇ... ಕೇಳಿಸ್ತಿಲ್ಲ' ಎಂದು ಕಟ್ ಮಾಡುತ್ತೇನೆ. ಆಕಾಶದಲ್ಲಿ ಒಂದು ಮೋಡವೂ ಇಲ್ಲದ ದಿನಗಳಲ್ಲೂ ಇದು ನಡೆದುಕೊಂಡು ಬಂದಿತ್ತು.

ಸಿಗ್ನಲ್ ಹೋಗುವುದಕ್ಕೆ ಮಳೆ ಬರೀ ನೆಪ ಅನ್ನುವುದು ಇಷ್ಟು ವರ್ಷ ಬಸ್ಸಿನಲ್ಲಿ ನಿಂತು ನಾನು ಕಲಿತ ವಿಜ್ಞಾನ. ನಾಲ್ಕು ಹನಿ ಬಿದ್ದರೆ ಜಾಮ್, ಜಾಮ್ ಆದರೆ ಎಲ್ಲರ ಕೈಯಲ್ಲೂ ಫೋನು. 'ಒಂದೇ ನಲ್ಲಿಗೆ ಬೀದಿಯೋರೆಲ್ಲಾ ಬಿಂದಿಗೆ ಹಿಡಿದಂಗೆ ಗುರು' ಎಂದು ಬಸ್ಸಿನಲ್ಲೊಬ್ಬ ಹೇಳಿದ್ದ. ಅದಕ್ಕಿಂತ ಚೆನ್ನಾಗಿ ಯಾವ ಇಂಜಿನಿಯರೂ ನನಗೆ ವಿವರಿಸಿಲ್ಲ.

ಇಂಥ ನನಗೆ ಒಂದು ಸೋಮವಾರ ನಿಜವಾಗಿಯೂ ಸಿಗ್ನಲ್ ಬೇಕಾಯಿತು. ಆರ್.ಟಿ. ನಗರದಲ್ಲಿರುವ ನಮ್ಮಕ್ಕನ ಮಗಳು ಚೈತ್ರಳನ್ನು ಹುಣಸಮಾರನಹಳ್ಳಿಯ ಕಡೆಯವರು ನೋಡಿಕೊಂಡು ಹೋಗಿದ್ದರು. ಹುಡುಗ ನಮ್ಮ ಚೈತ್ರಳಿಗೂ ಹಿಡಿಸಿದ್ದ. ಹಿಂದೆ ಎರಡು ಸಂಬಂಧ ಕೈಗೆ ಬಂದು ತಪ್ಪಿದ್ದರಿಂದ ಅಕ್ಕ ಊಟ ಬಿಡುವುದೊಂದು ಬಾಕಿ. ಹುಡುಗನ ತಂದೆ ಮುನಿನಂಜಪ್ಪನವರು ಹಳೇ ಕಾಲದ ಮನುಷ್ಯ. ಹೊಲವಿದ್ದ ಜಾಗದಲ್ಲೀಗ ಬಾಡಿಗೆ ಮನೆಗಳಿದ್ದರೂ ಪಂಚಾಂಗ ಮಾತ್ರ ಅದೇ. 'ಸೋಮವಾರ ಬೆಳಿಗ್ಗೆ ಏಳೂವರೆಗೆ ರಾವುಕಾಲ ಉಟ್ಟುತ್ತೆ. ಅದ್ಕೆ ಮುಂಚೆ ಸೋದರಮಾವನಿಗೇ ಫೋನ್ ಮಾಡಿ ಒಪ್ಪಿಗೆನೋ ಇಲ್ವೋ ಯೋಳ್ತೀವಿ' ಎಂದಿದ್ದರು. ಸೋದರಮಾವ ಅಂದರೆ ನಾನು.

'ಒಂದಿನ ಲೇಟಾಗಿ ಹೋಗ್ರೀ' ಎಂದಳು ಶಾರದ. 'ಫೋನು ಜೇಬಲ್ಲೇ ಇರುತ್ತಲ್ಲೇ, ಹುಚ್ಚಿ' ಎಂದು ನಾನು ಜಂಬದಿಂದ ಹೊರಟೆ.

ಏಳು ಗಂಟೆಗೆ ಮಳೆ ಶುರುವಾಯಿತು. ಏಳೂ ಹತ್ತಕ್ಕೆ ಹೆಬ್ಬಾಳದ ಮೇಲ್ಸೇತುವೆ ಹತ್ತಿರ ಬಸ್ಸು ನಿಂತೇಬಿಟ್ಟಿತು. ಕಿಟಕಿಗಳೆಲ್ಲ ಮುಚ್ಚಿ, ಒದ್ದೆ ಛತ್ರಿಗಳ ನಡುವೆ ನಾನು ಉಪ್ಪಿನಕಾಯಿ ಜಾಡಿಯ ನಿಂಬೆಹಣ್ಣಾಗಿದ್ದೆ. ಫೋನು ನೋಡಿದರೆ ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ! 'ಸ್ವಲ್ಪ ಜಾಗ ಬಿಡ್ರಪ್ಪಾ, ಹುಡುಗಿ ಮದುವೆ ವಿಷಯ' ಎಂದು ಗೋಗರೆದೆ. ನಮ್ಮ ಊರಿನ ಜನ ಸೀಟು ಬಿಡದಿದ್ದರೂ ಮದುವೆ ಅಂದರೆ ದಾರಿ ಬಿಡುತ್ತಾರೆ. ಕಿಟಕಿ ಪಕ್ಕದ ಹೆಂಗಸೊಬ್ಬರು ತಾವೇ ಗಾಜು ಸರಿಸಿ, ನನ್ನ ಫೋನನ್ನು ಹೊರಗೆ ಹಿಡಿದು, ಮೇಲೆ ತಮ್ಮ ಸೆರಗಿನ ಮರೆ ಕೊಟ್ಟರು. ಕಂಡಕ್ಟರ್ ಕೂಡ 'ಬಂತಾ ಸಾರ್? ಬಂತಾ?' ಎನ್ನುತ್ತಿದ್ದ. ಬರಲಿಲ್ಲ. ಏಳೂವರೆ ಆಯಿತು. ಇಡೀ ಬಸ್ಸು 'ಛೆ' ಎಂದಿತು.

ಬಸ್ಸು ಜಾಮ್ ದಾಟಿ ಮುಂದೆ ಓಡತೊಡಗಿದ ಮೇಲೆ, ಏಳೂ ನಲವತ್ತಕ್ಕೆ, ಫೋನು ಕಿರುಚಿತು. ಮುನಿನಂಜಪ್ಪನವರೇ. ನಾಲ್ಕು ಕಡ್ಡಿ, ಎದೆ ಸೆಟೆಸಿಕೊಂಡು ನಿಂತಿವೆ. ಆದರೆ ಈಗ ರಾಹುಕಾಲ! ಒಪ್ಪಿಗೆಯ ಮಾತನ್ನು ಈಗ ಕೇಳಿಸಿಕೊಂಡರೆ, ಮುಂದೆ ಆ ಮನೆಯಲ್ಲಿ ಹಾಲು ಒಡೆದರೂ ನಮ್ಮಕ್ಕ ನನ್ನನ್ನೇ ಬೈಯುತ್ತಾಳೆ. ಎತ್ತದಿದ್ದರೆ ಬೀಗರಾಗುವವರಿಗೆ ಅವಮಾನ. ಫೋನು ಎತ್ತಿದೆ. 'ಸಾಮಿ, ನಾನು...' ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ನನ್ನ ನಾಲಿಗೆ ತನ್ನ ಹಳೇ ಕಸುಬಿಗೆ ಇಳಿಯಿತು: 'ಹಲೋ... ಹಲೋ... ಮಳೆ... ಕೇಳಿಸ್ತಿಲ್ಲ!' ಕಟ್.

ಸೆರಗು ಹಿಡಿದಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದರು. 'ಏನ್ರೀ ನೀವು! ಅಷ್ಟೊತ್ತಿಂದ ಪ್ರಾಣ ಬಿಟ್ಕೊಂಡು, ಈಗ ಕಟ್ ಮಾಡ್ತೀರಲ್ಲಾ?' ನಾನು 'ರಾಹುಕಾಲ' ಎಂದೆ. 'ಓ' ಎಂದು ಅವರು ಒಂದೇ ಮಾತಿಗೆ ಒಪ್ಪಿಕೊಂಡರು.

ಒಂಬತ್ತಕ್ಕೆ ರಾಹುಕಾಲ ಮುಗಿಯುವವರೆಗಿನ ಆ ಒಂದು ಗಂಟೆ ಇಪ್ಪತ್ತು ನಿಮಿಷ ನನ್ನ ಪಾಡು ಯಾರಿಗೂ ಬೇಡ. ಅವರು ಹೇಳಬೇಕಿದ್ದದ್ದೇ 'ಇಲ್ಲ' ಎಂದಾಗಿದ್ದರೆ? ನನ್ನ ನಾಟಕದಿಂದ ಮುನಿಸಿಕೊಂಡು 'ಇಲ್ಲ' ಎಂದುಬಿಟ್ಟರೆ? ಅಕ್ಕ ಹತ್ತು ಸಲ ಫೋನ್ ಮಾಡಿದಳು. ಎತ್ತುವ ಧೈರ್ಯ ಬರಲಿಲ್ಲ. ಒಂಬತ್ತು ದಾಟಿ ಎರಡು ನಿಮಿಷಕ್ಕೆ ನಾನೇ ಫೋನ್ ಮಾಡಿದೆ, ಮುನಿನಂಜಪ್ಪನವರು ಸಿಕ್ಕರು.

'ಏಳೂವರೆವರ್ಗೂ ಒತ್ತಿ ಒತ್ತಿ ಬೆರಳು ನೋವು ಬಂತು ಸಾಮಿ. ಆಮೇಲೆ ಆತುರದಾಗೆ ಗಡಿಯಾರ ನೋಡ್ದೇನೇ ಮಾಡ್ಬುಟ್ಟೆ. ನಿಮ್ಗೆ ಕೇಳಿಸ್ದೇ ಇದ್ದಿದ್ದು ದೇವ್ರು ದೊಡ್ಡೋನು! ನಮ್ಮನೆಯೋಳು ನನ್ನ ಇಂಗೆ ಅಂಗೆ ಬೈಲಿಲ್ಲ. ಬುಡಿ, ನಮ್ಗೆ ಒಪ್ಪಿಗೆ.'

ಕಾರ್ಖಾನೆಯ ಸ್ಟೋರ್ಸಿನ ಮೂಲೆಯಲ್ಲಿ ನಿಂತು ನಾನು ಕಣ್ಣೊರೆಸಿಕೊಂಡೆ. ನಾಚಿಕೆಯೇನಿಲ್ಲ, ಅಷ್ಟು ಖುಷಿಯಾಗಿತ್ತು.

ನಿಶ್ಚಿತಾರ್ಥದ ದಿನ ಒಬ್ಬಟ್ಟು ಇಳಿದ ಹೊಟ್ಟೆಯ ಧೈರ್ಯದಲ್ಲಿ ಈ ಕಥೆಯನ್ನು ಅಭಿನಯ ಸಮೇತ ಹೇಳಿದೆ. ಮುನಿನಂಜಪ್ಪನವರು ಬಿದ್ದು ಬಿದ್ದು ನಕ್ಕರು. ಅಕ್ಕ ನನ್ನ ಬೆನ್ನು ತಟ್ಟಿ ಇನ್ನೊಂದು ಒಬ್ಬಟ್ಟು ಹಾಕಿದಳು. ಶಾರದ ಮಾತ್ರ ನಗಲಿಲ್ಲ. 'ನಾಲ್ಕು ಕಡ್ಡಿ ಇತ್ತಾ?' ಎಂದಷ್ಟೇ ಕೇಳಿದಳು. ನಾನು ಹೆಮ್ಮೆಯಿಂದ 'ನಾಲ್ಕೂ!' ಎಂದೆ.

ಮುಂದಿನ ವಾರ ಸಂಜೆ ಜೋರು ಮಳೆ, ಹೆಬ್ಬಾಳ ಪೂರ್ತಿ ಜಾಮ್, ದೇವರಾಣೆಗೂ ಸಿಗ್ನಲ್ ಇರಲಿಲ್ಲ. ತೊಯ್ದು ತೊಪ್ಪೆಯಾಗಿ ಬರಿಗೈಯಲ್ಲಿ ಮನೆ ಸೇರಿ, 'ಸಿಗ್ನಲ್ ಇರ್ಲಿಲ್ಲ ಕಣೇ' ಎಂದೆ. ಶಾರದ ಗೋಡೆಯ ಕ್ಯಾಲೆಂಡರಿನತ್ತ ತಿರುಗಿ, ನಿಧಾನವಾಗಿ ಬೆರಳಾಡಿಸಿ ನೋಡಿ, 'ಈಗ ರಾಹುಕಾಲ ಇಲ್ವಲ್ಲಾ' ಎಂದಳು.

ಛತ್ರಿ ತೆಗೆದುಕೊಂಡು ಕೊತ್ತಂಬರಿ ತರಲು ಹೊರಟೆ.